ಗೆರೆಯಕ್ಕನ ಮರುಕೂಗು

ಬಟ್ಟೆ ಕತ್ತರಿಸುವ ಆ ಉದ್ದನೆಯ ಹಜಾರದಲ್ಲಿ ಅವಳ ನಿಜನಾಮ ಕೇಳಿಬರುತ್ತಿದ್ದುದು ಹಾಜರಿ ಕರೆಯುವಾಗ ಮಾತ್ರ. ಉಳಿದಂತೆ ಎಲ್ಲರ ಬಾಯಲ್ಲೂ ಅವಳು ಗೆರೆಯಕ್ಕ. ಕಾಗದದ ಮೇಲೆಳೆದ ಗೆರೆಯ ಈಚೆಗೂ ಜಾರದೆ, ಆಚೆಗೂ ಸರಿಯದೆ, ಗೆರೆಯನ್ನೇ ಸೀಳಿಕೊಂಡು ಬ್ಲೇಡು ನಡೆಸುವವಳೆಂದು ಯಾರೋ ಇಟ್ಟ ಹೆಸರು ಅವಳ ನಡತೆಗೂ ಅಂಟಿಕೊಂಡಿತು. ಕೊಟ್ಟ ಮಾತಿರಲಿ, ಹೇಳಿದ ಹೊತ್ತಿರಲಿ, ಮಡಚಿಟ್ಟ ಹೊದಿಕೆಯ ಅಂಚಿರಲಿ, ಅವಳ ಕೈಯಲ್ಲಿ ಯಾವುದೂ ಅಂಕುಡೊಂಕಾದುದಿಲ್ಲ. ‘ನಿನ್ನ ಹೆಂಡತಿ ಸಾರಿಗೆ ಉಪ್ಪು ಹಾಕುವಾಗಲೂ ಸೀಮೆಸುಣ್ಣದಲ್ಲಿ ಗುರುತು ಮಾಡ್ಕೋತಾಳೇನೋ’ ಎಂದು ಜನ ಅವಳ ಗಂಡನನ್ನು ಕೆಣಕುತ್ತಿದ್ದರು. ಸುಟ್ಟುಹೋದ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತುವ ಆತ ಮಾತಿನಲ್ಲಿ ಜಿಪುಣ, ನಕ್ಕು ಸುಮ್ಮನಾಗುತ್ತಿದ್ದ.

ಆ ಕಾರ್ಖಾನೆಗೆ ಬಂದ ಯಾವ ಹುಡುಗಿಯೇ ಆಗಲಿ ಮೊದಲು ಕೂರಬೇಕಾದುದು ದಾರದ ಬೆಂಚಿನ ಮೇಲೆ. ಹೊಲಿದು ಮುಗಿದ ಬಟ್ಟೆಯಲ್ಲಿ ನೇತಾಡುವ ದಾರದ ತುದಿಗಳನ್ನು ಪುಟ್ಟ ಕತ್ತರಿಯಿಂದ ತೆಗೆಯುವ ಕೆಲಸ. ಬಹಳ ಮಂದಿ ಅಲ್ಲಿಯೇ ಕೂತು ಅಲ್ಲಿಂದಲೇ ಮುದುಕಿಯರಾಗಿ ಎದ್ದುಹೋಗುತ್ತಿದ್ದರು. ಗೆರೆಯಕ್ಕ ಬೆಂಚಿನಿಂದ ಎದ್ದು ಬಟ್ಟೆಯ ಥಾನು ಬಿಚ್ಚಿ ಹಾಸುವ ಕೆಲಸಕ್ಕೆ ಹೋದಳು. ಅಲ್ಲಿಂದ, ಅದುವರೆಗೆ ಗಂಡಸರ ಸೊತ್ತೆನಿಸಿಕೊಂಡಿದ್ದ ದೊಡ್ಡ ಟೇಬಲ್ಲಿಗೆ. ಅಲ್ಲಿ ಬಟ್ಟೆ ಕತ್ತರಿಸುತ್ತಿದ್ದ ಹಳೆಯ ಕಟರ್‌ನ ಮಣಿಕಟ್ಟು ಸೋತಾಗ, ಆತ ಯಾರನ್ನೂ ಕೇಳದೆ ಯಂತ್ರದ ಹಿಡಿಯನ್ನು ಅವಳ ಕೈಗೆ ಕೊಟ್ಟು ಪಕ್ಕಕ್ಕೆ ನಿಂತಿದ್ದ. ಅಂದು ಹಿಡಿದ ಹಿಡಿಯನ್ನು ಅವಳು ಬಿಟ್ಟಿರಲಿಲ್ಲ.

ಆ ಟೇಬಲ್ಲಿಗೆ ಒಂದು ಶಿಸ್ತಿತ್ತು. ಬಟ್ಟೆಯನ್ನು ಪದರದ ಮೇಲೆ ಪದರವಾಗಿ ಇಟ್ಟಿಗೆಯ ದಪ್ಪಕ್ಕೆ ಹಾಸಿ, ಮೇಲೆ ತೋಳು, ಬೆನ್ನು, ಕಾಲರುಗಳ ಆಕಾರ ಬರೆದ ಕಾಗದ ಹೊದಿಸುತ್ತಾರೆ. ನೆಟ್ಟಗೆ ನಿಂತು ಗಡಗಡನೆ ಆಡುವ ಬ್ಲೇಡಿನ ಯಂತ್ರವನ್ನು ಅದರ ನಡುವೆ ತಳ್ಳುವ ಕಟರ್‌ನ ಕಣ್ಣು ಬ್ಲೇಡಿನ ಬಾಯಿಯ ಮೇಲೆ ನೆಟ್ಟಿರುತ್ತದೆ. ಮುಂದೇನು ಬರಲಿದೆಯೆಂದು ನೋಡಲು ಅವಳಿಗೆ ಬಿಡುವಿಲ್ಲ. ಅದಕ್ಕಾಗಿ ಟೇಬಲ್ಲಿನ ಆಚೆ ಬದಿಯಲ್ಲಿ ಇನ್ನೊಬ್ಬಳು ಜೊತೆಜೊತೆಗೇ ನಡೆಯುತ್ತ ಕೂಗಬೇಕು: ‘ನೇರ’, ‘ತಿರುವು’, ಅಂಚಿನಲ್ಲಿ ಸಣ್ಣ ಗುರುತು ಕೊಯ್ಯಬೇಕಾದಲ್ಲಿ ‘ಕಚ್ಚು’, ‘ನಿಲ್ಲಿ’. ಕೇಳಿದವಳು ಅದೇ ಮಾತನ್ನು ಗಟ್ಟಿಯಾಗಿ ತಿರುಗಿ ಹೇಳಬೇಕು. ಅದಕ್ಕೆ ಮರುಕೂಗು ಎಂದು ಹೆಸರು. ಯಂತ್ರದ ಸದ್ದಿನಲ್ಲಿ ಮಾತು ಮುಟ್ಟಿದೆಯೆಂಬುದಕ್ಕೆ ಅದೊಂದೇ ಸಾಕ್ಷಿ. ಮರುಕೂಗಿಲ್ಲದೆ ಬ್ಲೇಡು ಕದಲಬಾರದು, ಒಂಟಿಯಾಗಿ ಯಾರೂ ಟೇಬಲ್ ಮುಟ್ಟಬಾರದು. ಅಲ್ಲಿ ಒಂಟಿತನವೇ ಅಪರಾಧ.

ಗೆರೆಯಕ್ಕನಿಗೆ ಕೂಗುತ್ತಿದ್ದವಳು ಅವಳ ನಾದಿನಿ, ಗಂಡನ ಒಡಹುಟ್ಟಿದ ತಂಗಿ. ಹಜಾರದವರು ಅವಳನ್ನು ಗಂಟೆ ಎಂದು ಕರೆಯುತ್ತಿದ್ದರು. ಅವಳ ಕಂಠ ಯಂತ್ರದ ಸದ್ದನ್ನು ಬ್ಲೇಡಿನಂತೆಯೇ ಸೀಳುತ್ತಿತ್ತು. ಮನೆಯಲ್ಲಿ ಪಿಸುಗುಟ್ಟಿದರೆ ಮೂರನೆಯ ಮನೆಯವರು ಉತ್ತರ ಕೊಡುತ್ತಿದ್ದರು. ಅತ್ತಿಗೆ ನಾದಿನಿಯರೆಂದರೆ ಎಣ್ಣೆ ಸೀಗೆಕಾಯಿ ಎಂಬ ಮಾತುಂಟು. ಈ ಇಬ್ಬರು ಬದುಕಿದ ರೀತಿ ಬೇರೆ. ಒಬ್ಬಳು ಬಾಯಿ, ಇನ್ನೊಬ್ಬಳು ಕೈ. ಎರಡೂ ಸೇರಿ ಒಂದು ಆಳು.

ಆ ಆಳು ಅರ್ಧ ಮುರಿದದ್ದು ಗೆರೆಯಕ್ಕ ಕಾಯಿಲೆ ಬಿದ್ದಾಗ. ಎದೆಗೆ ಕಟ್ಟಿದ ಕಫ ಸೋಂಕಾಗಿ, ಸೋಂಕು ರಕ್ತಕ್ಕಿಳಿದು, ಅವಳನ್ನು ತೀವ್ರ ನಿಗಾ ಘಟಕದಲ್ಲಿ ಮಲಗಿಸಿ ಉಸಿರಾಟವನ್ನು ಯಂತ್ರಕ್ಕೆ ಒಪ್ಪಿಸಿದರು. ಆ ದಿನಗಳಿಂದ ಅವಳಿಗೆ ಉಳಿದದ್ದು ಒಂದೇ ಚಿತ್ರ: ಮೇಲ್ಛಾವಣಿಯ ತುಂಬ ಬಿಳಿಯ ಬಟ್ಟೆ ಹಾಸಿದೆ, ಬ್ಲೇಡು ಓಡುತ್ತಿದೆ, ಆಚೆ ಬದಿಯಲ್ಲಿ ಕೂಗುವವರು ಯಾರೂ ಇಲ್ಲ. ಗಂಡ ಮತ್ತು ನಾದಿನಿ ಸರದಿಯ ಮೇಲೆ ಆಸ್ಪತ್ರೆಯ ಮೊಗಸಾಲೆಯ ಬೆಂಚಿನಲ್ಲಿ ಕೂತು ಕಾದರು. ಕೊನೆಗೆ ಅವಳು ಎದ್ದಳು. ‘ಯಮನ ಮನೆ ಹೊಸ್ತಿಲಲ್ಲಿ ಗೆರೆ ಇರಲಿಲ್ಲ ಅಂತ ಕಾಣುತ್ತೆ, ಅದಕ್ಕೇ ಒಳಗೆ ಹೋಗಲಿಲ್ಲ ನಮ್ಮತ್ತಿಗೆ’ ಎಂದು ನಾದಿನಿ ಕಾರ್ಖಾನೆಯಲ್ಲೆಲ್ಲ ಹೇಳಿಕೊಂಡು ಬಂದಳು.

ಮನೆಗೆ ಬಂದವಳು ಮೊದಲಿನವಳಂತೆಯೇ ಕಾಣುತ್ತಿದ್ದಳು; ತುಸು ತೆಳ್ಳಗಾಗಿದ್ದಳು, ಕೂದಲು ಉದುರಿತ್ತು, ಅಷ್ಟೆ. ನೋಡಲು ಬಂದವರು ‘ಪುನರ್ಜನ್ಮ’ ಎಂದರು. ಅವಳು ‘ಹೌದು’ ಎಂದಳು. ಅವರು ಹೋದ ಮೇಲೆ ಬಂದಿದ್ದವರು ಯಾರೆಂದು ಗಂಡನನ್ನು ಕೇಳಿದಳು. ತುಂಬಿದ ಕೊಡಕ್ಕೆ ಮತ್ತೆ ನೀರು ಹಾಕಿದಳು, ನೆಲ ಒದ್ದೆಯಾದಾಗ ಒದ್ದೆಯಾಯಿತೆಂದುಕೊಂಡಳು. ತೆರೆದ ಬೀರುವಿನ ಮುಂದೆ ಕೈಚಾಚಿ ನಿಂತು, ಏನು ಬೇಕಿತ್ತೆಂಬುದು ಬರುವವರೆಗೆ ಕಾದಳು, ಬರಲಿಲ್ಲ, ಬಾಗಿಲು ಹಾಕಿದಳು. ಇದಕ್ಕಾಗಿ ಅವಳು ದುಃಖಿಸಲಿಲ್ಲ, ಹೆದರಲೂ ಇಲ್ಲ. ಮೈಗೂ ಲೋಕಕ್ಕೂ ನಡುವೆ ಯಾರೋ ಒಂದು ಪದರ ಅಸ್ತರು ಕೊಟ್ಟು ಹೊಲಿದಂತಿತ್ತು. ಆಚೆಯ ಬಿಸಿ ಈಚೆಗೆ ತಾಗುತ್ತಿರಲಿಲ್ಲ, ಈಚೆಯದು ಆಚೆಗೆ ಹೋಗುತ್ತಿರಲಿಲ್ಲ.

ಗಂಡ ಇದನ್ನು ಕಂಡ. ಕಂಡದ್ದನ್ನು ಬಾಯಿಬಿಟ್ಟು ಹೇಳುವ ಅಭ್ಯಾಸ ಅವನಿಗಿರಲಿಲ್ಲ. ತಂಗಿಯೂ ಕಂಡಳು. ಕಂಡದ್ದನ್ನು ಕಾಣಲಿಲ್ಲವೆನ್ನುವ ಹಟ ಅವಳಿಗಿತ್ತು.

ಕಾರ್ಖಾನೆಯವರು ಬ್ಲೇಡನ್ನು ಕೈಗೆ ಕೊಡುವ ಮೊದಲು ಆಸ್ಪತ್ರೆಯವರ ಒಪ್ಪಿಗೆ ಕೇಳಿದರು. ಆಸ್ಪತ್ರೆಯಿಂದ ನರ್ಸ್ ಒಬ್ಬಳು ಫೋನು ಮಾಡಿದಳು. ಪ್ರಾಣಾಪಾಯದಿಂದ ಉಳಿದು ಮನೆಗೆ ಹೋದವರ ಬೆನ್ನಿಗೆ ಬಿದ್ದು ವಿಚಾರಿಸುವುದೇ ಆಕೆಯ ಉದ್ಯೋಗ.

‘ಅಮ್ಮಾ, ದೊಡ್ಡ ಕಾಯಿಲೆಯಿಂದ ಎದ್ದವರಲ್ಲಿ ಕೆಲವರಿಗೆ ನೆನಪು, ಗಮನ ಎಲ್ಲ ಸ್ವಲ್ಪ ಹಿಂದೆ ಬಿದ್ದಿರುತ್ತೆ. ಇಲ್ಲೀತನಕ ಬರೋ ತೊಂದರೆ ಬೇಡ ಅಂತ ಕಂಪ್ಯೂಟರಲ್ಲೇ ಪರೀಕ್ಷೆ ಇಟ್ಟಿದೀವಿ. ಮನೇಲೇ ಕೂತು ಮಾಡಬಹುದು. ಪಾಸು ಫೇಲು ಅಂತೇನಿಲ್ಲ. ಏನಾದ್ರೂ ಕಮ್ಮಿ ಕಂಡರೆ ನಾವು ಅಭ್ಯಾಸ ಕೊಡ್ತೀವಿ. ಆದರೆ ಒಬ್ಬರೇ ಕೂತು ಮಾಡಬೇಕು, ಆಯ್ತಾ?’

ಗೆರೆಯಕ್ಕ ‘ಆಯ್ತು’ ಎಂದಳು.

ಪಕ್ಕದ ಮನೆಯಿಂದ ಎರವಲು ತಂದ ಕಂಪ್ಯೂಟರನ್ನು ನಾದಿನಿ ಊಟದ ಮೇಜಿನ ಮೇಲಿಟ್ಟಳು. ಅತ್ತಿಗೆಯನ್ನು ಕುರ್ಚಿಯಲ್ಲಿ ಕೂರಿಸಿ, ಇನ್ನೊಂದು ಕುರ್ಚಿ ಎಳೆದು ತಾನು ಅವಳ ಬೆನ್ನ ಹಿಂದೆ ಕೂತಳು.

‘ಒಬ್ಬರೇ ಕೂತು ಮಾಡಬೇಕಂತೆ!’ ಎಂದು ಮೂಗು ಮುರಿದಳು. ‘ಅತ್ತಿಗೆ, ಒಬ್ಬರೇ ಟೇಬಲ್ಲಿಗೆ ಹೋಗೋರನ್ನ ನಮ್ಮಲ್ಲಿ ಏನಂತಾರೆ?’

‘ಬೆರಳು ಬೇಡವಾದೋರು ಅಂತಾರೆ.’

‘ನೋಡಿ, ನೆನಪಿದೆ! ಇನ್ನು ಇವರದೇನು ಪರೀಕ್ಷೆ?’

ಬಾಗಿಲಲ್ಲಿ ನಿಂತಿದ್ದ ಗಂಡ ಗಂಟಲು ಸರಿಮಾಡಿಕೊಂಡ. ‘ಅವಳೊಬ್ಬಳೇ ಮಾಡಬೇಕು ಅಂದ್ರಲ್ವಾ?’

‘ಅಣ್ಣಾ, ನಿನ್ನ ಮೋಟಾರಿಗೆ ನೀನು ತಂತಿ ಸುತ್ತು. ನಮ್ಮ ಟೇಬಲ್ ವಿಷಯಕ್ಕೆ ಬರಬೇಡ.’

ಅವನು ಹೋದ. ಕಂಪ್ಯೂಟರಿನೊಳಗಿನ ಹೆಣ್ಣುದನಿ ಐದು ಪದಗಳನ್ನು ಹೇಳಿತು: ದೀಪ, ಕುದುರೆ, ಸೇತುವೆ, ಮೂಗು, ಕಿತ್ತಳೆ. ಇವನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಕೇಳುತ್ತೇನೆ ಎಂದಿತು. ಬಳಿಕ ಪರದೆಯ ಮೇಲೆ ಅಂಕಿ ಅಕ್ಷರಗಳು ಚೆಲ್ಲಾಡಿದಂತೆ ಬಂದವು. ಒಂದರಿಂದ ಅ, ಅಲ್ಲಿಂದ ಎರಡು, ಎರಡರಿಂದ ಆ, ಹೀಗೆ ಗೆರೆ ಎಳೆಯುತ್ತ ಹೋಗಬೇಕು. ಗೆರೆಯಕ್ಕನ ಬೆರಳು ಎರಡರ ಮೇಲೆ ನಿಂತುಬಿಟ್ಟಿತು.

‘ಆ’ ಎಂದಳು ನಾದಿನಿ ಹಿಂದಿನಿಂದ.

‘ಆ’ ಎಂದಳು ಗೆರೆಯಕ್ಕ. ಬೆರಳು ಸರಿಯಿತು.

‘ಮೂರು.’

‘ಮೂರು.’

ಹಳದಿ ಚುಕ್ಕೆ ಕಂಡಾಗ ಗುಂಡಿ ಒತ್ತಿ, ನೀಲಿ ಕಂಡಾಗ ಸುಮ್ಮನಿರಿ ಎಂದಿತು ದನಿ. ಹಳದಿ ಬಂದಾಗಲೆಲ್ಲ ನಾದಿನಿಯ ಬೆರಳು ಅತ್ತಿಗೆಯ ಭುಜವನ್ನು ತಟ್ಟಿತು. ಕೊನೆಗೆ ಮೊದಲಿನ ಐದು ಪದ ಯಾವುವೆಂದು ದನಿ ಕೇಳಿತು. ನಾದಿನಿ ದೀಪ ಎಂದಳು, ಅತ್ತಿಗೆ ದೀಪ ಎಂದಳು. ಕಿತ್ತಳೆಯವರೆಗೂ ಕೂಗು, ಮರುಕೂಗು ತಪ್ಪಲಿಲ್ಲ. ಹೊರಗೆ ಹಾದುಹೋಗುತ್ತಿದ್ದವರಿಗೆ ಒಳಗೆ ಇಬ್ಬರು ಹೆಂಗಸರು ಮಗ್ಗಿ ಒಪ್ಪಿಸುತ್ತಿರುವಂತೆ ಕೇಳಿಸಿರಬೇಕು.

ಇದು ಮೋಸವೆಂದು ಆ ಇಬ್ಬರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಕೆಲಸವೆಂದರೆ ಇಬ್ಬರು ಮಾಡುವುದೆಂದು ಅವರ ಮೈಮೂಳೆ ಕಲಿತಿತ್ತು. ಒಂಟಿಯಾಗಿ ಮಾಡೆಂದ ಮಾತನ್ನು ಅವರು ಆಸ್ಪತ್ರೆಯವರ ತಿಳಿಗೇಡಿತನವೆಂದುಕೊಂಡರು.

ನರ್ಸ್ ಮರುದಿನವೇ ಫೋನು ಮಾಡಿದಳು. ದನಿಯಲ್ಲಿ ಹಿಗ್ಗಿತ್ತು. ‘ತುಂಬಾ ಚೆನ್ನಾಗಿ ಬಂದಿದೆ ಅಮ್ಮಾ! ನಿಮ್ಮ ವಯಸ್ಸಿನವರಿಗಿಂತಲೂ ಮೇಲಿದೀರ. ಅಭ್ಯಾಸ ಏನೂ ಬೇಕಾಗಿಲ್ಲ. ಕೆಲಸಕ್ಕೆ ಹೋಗಬಹುದು ಅಂತ ಬರೆದುಬಿಡ್ತೀವಿ.’

‘ಹಾಗಾದರೆ ನನಗೇನೂ ಆಗಿಲ್ವಾ?’

‘ಏನೂ ಆಗಿಲ್ಲ. ಖುಷಿಯಾಗಿರಿ.’

ಗೆರೆಯಕ್ಕ ಫೋನು ಕೆಳಗಿಟ್ಟು, ಖುಷಿ ಬರಲೆಂದು ಸ್ವಲ್ಪ ಹೊತ್ತು ಕೂತಳು. ಒಲೆಯ ಮೇಲಿಟ್ಟ ನೀರು ಕುದಿದು ಬತ್ತಿ ಪಾತ್ರೆ ಸುಟ್ಟ ವಾಸನೆ ಹೊಡೆಯಿತು. ಗಂಡ ಓಡಿಬಂದು ಒಲೆ ಆರಿಸಿದ. ಕರಕಲಾದ ಪಾತ್ರೆಯನ್ನೂ ಹೆಂಡತಿಯ ಮುಖವನ್ನೂ ನೋಡಿದ.

‘ಏನಂದ್ರು?’

‘ನನಗೇನೂ ಆಗಿಲ್ವಂತೆ.’

ಅವನು ಪಾತ್ರೆ ಉಜ್ಜಲು ಕೂತ.

ಕೆಲಸಕ್ಕೆ ಮರಳಿದ ದಿನ ಹಜಾರದವರು ಚಪ್ಪಾಳೆ ತಟ್ಟಿದರು. ವಯಸ್ಸಿನಲ್ಲಿ ಅವಳಿಗಿಂತ ಚಿಕ್ಕವನಾದ ಸೂಪರ್‌ವೈಸರ್ ಟೇಬಲ್ಲನ್ನು ತಾನೇ ಒರೆಸಿಕೊಟ್ಟ. ಅವಳು ಎಡಗೈಗೆ ಉಕ್ಕಿನ ಕೊಂಡಿಗಳ ಕೈಗವಸು ಹಾಕಿಕೊಂಡಳು. ಟೇಬಲ್ಲಿಗೆ ಕೈಯಿಡುವ ಇಬ್ಬರಿಗೂ ಅದು ಕಡ್ಡಾಯ. ಆಚೆ ಬದಿಗೆ ನಾದಿನಿ ನಿಂತು ‘ನೇರ’ ಎಂದಳು. ‘ನೇರ’ ಎಂದಳು ಗೆರೆಯಕ್ಕ. ಬ್ಲೇಡು ಗೆರೆಯನ್ನು ಸೀಳಿಕೊಂಡು ಹೋಯಿತು. ತಿರುವು, ತಿರುವು. ಕಚ್ಚು, ಕಚ್ಚು. ಕತ್ತರಿಸಿದ ಅಂಚನ್ನು ಬೆರಳಿನಿಂದ ಸವರಿ ನೋಡಿದ ಸೂಪರ್‌ವೈಸರ್ ‘ಅಕ್ಕಾ, ನೀವು ಮಲಗಿದ್ದು ಆಸ್ಪತ್ರೇಲೋ ಸಾಣೆ ಹಿಡಿಯೋ ಅಂಗಡೀಲೋ?’ ಎಂದ. ಎಲ್ಲರೂ ನಕ್ಕರು. ಗೆರೆಯಕ್ಕನೂ ನಕ್ಕಳು, ಆದರೆ ಉಳಿದವರ ನಗು ಮುಗಿದ ಮೇಲೆ.

ಆ ವಾರವೆಲ್ಲ ಹಾಗೆಯೇ ಸಾಗಿತು. ನಾದಿನಿ ಕೂಗುತ್ತಿರುವಷ್ಟು ಹೊತ್ತು ಅವಳ ಕೈ ನಡೆಯಿತು. ಊಟದ ಬಿಡುವಿನಲ್ಲಿ ತುತ್ತು ಕೈಯಲ್ಲೇ ಉಳಿದಾಗ ನಾದಿನಿ ‘ತಿನ್ನಿ’ ಎನ್ನುತ್ತಿದ್ದಳು, ಅತ್ತಿಗೆ ತಿನ್ನುತ್ತಿದ್ದಳು. ಬಸ್ಸಿನಲ್ಲಿ ‘ಇಳೀರಿ’ ಎನ್ನುತ್ತಿದ್ದಳು, ಇಳಿಯುತ್ತಿದ್ದಳು. ದಿನವೆಲ್ಲ ಅತ್ತಿಗೆಯನ್ನು ಒಂದು ಕೂಗಿನಿಂದ ಮತ್ತೊಂದಕ್ಕೆ ದಾಟಿಸುವುದೇ ನಾದಿನಿಯ ಕೆಲಸವಾಗಿತ್ತು.

ವಾರ ಕಳೆದು, ಕಡುನೀಲಿ ದಪ್ಪ ಬಟ್ಟೆ ಟೇಬಲ್ಲಿಗೆ ಬಂತು. ಬೆನ್ನಿನ ತುಂಡು ಕತ್ತರಿಸುತ್ತಿದ್ದಾಗ ಮುಂದುಗಡೆ ಕಾಗದ ಉಬ್ಬಿ ಸುಕ್ಕಾಯಿತು. ಇಂಥ ಹೊತ್ತಿನಲ್ಲಿ ನಿಲ್ಲಿಸಿ, ಕೂಗುವವಳು ಕೈಚಾಚಿ ಸುಕ್ಕು ತೀಡಬೇಕು.

‘ನಿಲ್ಲಿ!’ ಎಂದಳು ನಾದಿನಿ.

‘ನಿಲ್ಲಿ!’ ಎಂದಳು ಗೆರೆಯಕ್ಕ, ಸ್ಪಷ್ಟವಾಗಿ, ಗಟ್ಟಿಯಾಗಿ.

ಮರುಕೂಗು ಬಂತೆಂದ ಮೇಲೆ ಬ್ಲೇಡು ನಿಂತಿತೆಂದೇ ಲೆಕ್ಕ. ನಾದಿನಿ ಕೈಚಾಚಿದಳು. ಬ್ಲೇಡು ನಿಂತಿರಲಿಲ್ಲ. ಗೆರೆಯಕ್ಕನ ಬಾಯಿ ‘ನಿಲ್ಲಿ’ ಎಂದಿತ್ತು, ಕೈ ತಳ್ಳುತ್ತಲೇ ಇತ್ತು. ಉಕ್ಕಿಗೆ ಉಕ್ಕು ತಾಗಿದ ಕಿರ್ರೆಂಬ ಸದ್ದಾಯಿತು. ನಾದಿನಿ ಕೈ ಕಿತ್ತುಕೊಂಡು, ಇನ್ನೊಂದು ಕೈಯಿಂದ ಟೇಬಲ್ಲಿನ ಕೆಂಪು ಗುಂಡಿ ಗುದ್ದಿದಳು. ಯಂತ್ರ ಸತ್ತಿತು.

ಬೆನ್ನಿನ ಗೆರೆ ದಾಟಿ, ಪಕ್ಕದ ತೋಳಿನ ತುಂಡನ್ನು ಅಡ್ಡಕ್ಕೆ ಕೊಯ್ದು, ಬ್ಲೇಡು ಬಟ್ಟೆಯ ನಡುವೆ ನಿಂತಿತ್ತು. ಇಟ್ಟಿಗೆ ದಪ್ಪದ ಅಷ್ಟೂ ಪದರಗಳೂ ಹಾಳು. ನಾದಿನಿಯ ಕೈಗವಸಿನಲ್ಲಿ ಒಂದು ಕೊಂಡಿ ಸೊಟ್ಟಗಾಗಿತ್ತು. ಒಳಗಿನ ಬೆರಳಿಗೆ ಗೀರೂ ಇಲ್ಲ. ಗೆರೆಯಕ್ಕ ಕೊಂಡಿಯನ್ನು ನೋಡಿದಳು, ಕೊಯ್ದ ತೋಳನ್ನು ನೋಡಿದಳು. ಈಗ ಎದೆ ಹೊಡೆದುಕೊಳ್ಳಬೇಕು ಎಂದು ಅವಳಿಗೆ ತಿಳಿದಿತ್ತು. ಎದೆ ಮೊದಲಿನ ಹದದಲ್ಲೇ ಇತ್ತು.

ಸೂಪರ್‌ವೈಸರ್ ಓಡಿಬಂದ. ‘ಏನಾಯ್ತಕ್ಕಾ?’

ಅವಳು ಬಾಯಿ ತೆರೆಯುವ ಮೊದಲೇ ನಾದಿನಿ ಕೈಗವಸನ್ನು ಬೆನ್ನ ಹಿಂದೆ ಸರಿಸಿದಳು. ‘ಏನಾಗೋದು? ಬಟ್ಟೆ ಹಿಡಿಯೋ ಕ್ಲಿಪ್ಪು ಸಡಿಲ, ಜಾರಿತು. ನಿಮ್ಮ ಕ್ಲಿಪ್ಪುಗಳು ಮುದುಕನ ಹಲ್ಲಿದ್ದ ಹಾಗೆ, ಕಚ್ಚೋದಕ್ಕಿಂತ ಅಲ್ಲಾಡೋದೇ ಜಾಸ್ತಿ.’

ಅವನು ಕ್ಲಿಪ್ಪುಗಳನ್ನು ಎಳೆದು ನೋಡಿ, ಹೊಸದು ತರಿಸುತ್ತೇನೆಂದು ಹೋದ.

ಸಂಜೆ ಬಸ್ಸಿಳಿದು ಮನೆಯ ಕಡೆಗೆ ನಡೆಯುವಾಗ ಗೆರೆಯಕ್ಕನೇ ಮೊದಲು ಮಾತೆತ್ತಿದಳು. ಆಸ್ಪತ್ರೆಯಿಂದ ಬಂದ ಮೇಲೆ ಅವಳು ತಾನಾಗಿ ಮಾತೆತ್ತಿದ್ದು ಅಪರೂಪ.

‘ನಾನು ನಿಲ್ಲಿ ಅಂದೆ.’

‘ಅಂದ್ರಿ.’

‘ಕೈ ನಿಲ್ಲಲಿಲ್ಲ.’

‘ಬಟ್ಟೆ ದಪ್ಪ ಇತ್ತು ಅತ್ತಿಗೆ.’

‘ನಿನ್ನ ಕೈ ಹೋಗ್ತಿತ್ತು.’

‘ಹೋಗಲಿಲ್ವಲ್ಲ! ಇಲ್ಲೇ ಇದೆ ನೋಡಿ.’ ನಾದಿನಿ ಬೆರಳುಗಳನ್ನು ಅವಳ ಮುಖದ ಮುಂದೆ ಕುಣಿಸಿದಳು. ‘ನಿಮ್ಮ ಗಂಡನ ಕಿವಿ ಹಿಂಡೋಕೆ ಧಾರಾಳ ಸಾಕು.’

ಗೆರೆಯಕ್ಕ ನಗಲಿಲ್ಲ. ಅವಳು ಒಂದು ಯೋಚನೆಯ ತುದಿ ಹಿಡಿದಿದ್ದಳು. ಕೈಬಿಟ್ಟರೆ ಅದು ಹೋಗಿಬಿಡುತ್ತದೆಂದು ಗೊತ್ತಿದ್ದುದರಿಂದ ನಡಿಗೆ ನಿಲ್ಲಿಸಿ, ರಸ್ತೆ ಬದಿಯ ಗೋಡೆಗೆ ಅಂಗೈ ಒತ್ತಿ, ಒಂದೊಂದೇ ಮಾತು ಹೊರಗಿಟ್ಟಳು.

‘ಆ ಪರೀಕ್ಷೇಲೂ ಹೀಗೇ ಆಯ್ತು. ನೀನು ದೀಪ ಅಂದೆ, ನಾನು ದೀಪ ಅಂದೆ. ದೀಪ ನನಗೆ ನೆನಪಿರಲಿಲ್ಲ. ಚೆನ್ನಾಗಿ ಬಂದಿದ್ದು ನಿನ್ನ ಬಾಯಿ. ನನ್ನನ್ನ ಯಾರೂ ನೋಡೇ ಇಲ್ಲ.’

‘ಈಗ ಏನ್ಮಾಡ್ಬೇಕು ಅಂತೀರಿ?’

‘ಇನ್ನೊಂದ್ಸಲ ಮಾಡ್ತೀನಿ. ಒಬ್ಬಳೇ.’

ನಾದಿನಿಯ ದನಿ ಏರಿತು. ಎದುರು ಮನೆಯ ಕಿಟಕಿಯಲ್ಲಿ ಒಂದು ತಲೆ ಕಾಣಿಸಿಕೊಂಡಿತು. ‘ಮಾಡಿ! ಮಾಡಿ, ದಾರದ ಬೆಂಚಿಗೆ ಹೋಗಿ ಕೂತ್ಕೊಳ್ಳಿ! ಅಲ್ಲಿಂದ ಎದ್ದು ಬರೋಕೆ ನಾವು ಪಟ್ಟ ಪಾಡು ಮರೆತ್ರಾ? ಅಯ್ಯೋ, ಮರೆತಿರ್ತೀರಿ ಬಿಡಿ, ಅದೇ ಅಲ್ವಾ ಕಾಯಿಲೆ! ಕೈಗೆ ಬಂದ ತುತ್ತನ್ನ ತಾನೇ ಚೆಲ್ಲೋರನ್ನ ನಾನು ಕಂಡಿರಲಿಲ್ಲ. ನಾನು ಯಾರಿಗೆ ಕೂಗಲಿ? ಹೇಳಿ. ನಾನು ಬೇರೆಯವರಿಗೆ ಕೂಗಿ ಗೊತ್ತೇ ಇಲ್ಲ.’

ಕೊನೆಯ ಮಾತಿಗೆ ಗಂಟೆಯ ಕಂಠ ಒಡೆಯಿತು. ಗೆರೆಯಕ್ಕ ನಾದಿನಿಯ ಕೈ ಹಿಡಿದು, ಕೊಂಡಿ ಸೊಟ್ಟಗಾದ ಜಾಗದಲ್ಲಿದ್ದ ಬೆರಳನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದಳು, ಬಟ್ಟೆಯ ಗುಣ ನೋಡುವವಳಂತೆ.

‘ಇದು ನಾಳೆ ಇರಲ್ಲ’ ಎಂದಳು.

ನಾದಿನಿ ಕೈ ಬಿಡಿಸಿಕೊಂಡು ಮನೆಯ ಕಡೆಗೆ ಮುಂದೆ ನಡೆದಳು.

ಬೆಳಗ್ಗೆ ಗೆರೆಯಕ್ಕ ನರ್ಸಿಗೆ ಫೋನು ಮಾಡಿದಳು. ಹೇಳಬೇಕಾದ್ದನ್ನು ಗಂಡನ ಕೈಯಲ್ಲಿ ಬರೆಸಿ ಎದುರಿಗಿಟ್ಟುಕೊಂಡಿದ್ದಳು, ಆದರೆ ಪರೀಕ್ಷೆ ಇನ್ನೊಮ್ಮೆ ಮಾಡುತ್ತೇನೆಂದ ಮೇಲೆ ಮುಂದೆ ಓದುವ ಅಗತ್ಯ ಬೀಳಲಿಲ್ಲ.

‘ಯಾರಾದ್ರೂ ಪಕ್ಕದಲ್ಲಿ ಕೂತಿದ್ರಾ ಅಮ್ಮಾ?’ ಎಂದು ಆಕೆಯೇ ಕೇಳಿದಳು.

‘ಹಿಂದೆ ಕೂತಿದ್ದಳು. ನಮ್ಮ ಕೆಲಸದಲ್ಲಿ ಹಾಗೇ.’

‘ಎಷ್ಟೋ ಮನೆಗಳಲ್ಲಿ ಹೀಗಾಗುತ್ತೆ. ಗಂಡಂದಿರು ಸನ್ನೆ ಮಾಡ್ತಾರೆ, ಮಕ್ಕಳು ಗುಂಡಿ ಒತ್ತಿಬಿಡ್ತಾರೆ. ಕೋಣೇಲಿ ಎಷ್ಟು ಜನ ಇದಾರೆ ಅಂತ ಕಂಪ್ಯೂಟರಿಗೆ ಕಾಣಲ್ಲ. ಹಾಗಂತ ಅವರೇ ಫೋನ್ ಮಾಡಿ ಹೇಳಿದ್ದು ಮಾತ್ರ ಕಮ್ಮಿ. ಬೇರೆ ಪದಗಳಿರೋ ಪರೀಕ್ಷೆ ಕಳಿಸ್ತೀನಿ. ಅಲ್ಲಿತನಕ ಬ್ಲೇಡು ಮುಟ್ಟಬೇಡಿ.’

ಈ ಸಲ ಕಂಪ್ಯೂಟರು ಮಲಗುವ ಕೋಣೆಗೆ ಹೋಯಿತು. ಗಂಡ ಮೇಜನ್ನು ಕಿಟಕಿಯಿಂದ ದೂರ ಸರಿಸಿದ. ಫ್ಯಾನು ಕಿರುಗುಟ್ಟುತ್ತಿದ್ದುದರಿಂದ ಸ್ಟೂಲು ಹತ್ತಿ ಎಣ್ಣೆ ಬಿಟ್ಟು, ತಿರುಗಿಸಿ, ಕಿವಿಗೊಟ್ಟು ಕೇಳಿ ಇಳಿದ. ಅವನು ಮಾಡಬಲ್ಲುದು ಅಷ್ಟಿತ್ತು, ಅದನ್ನು ಪೂರ್ತಿ ಮಾಡಿದ. ಹೋಗುವಾಗ ಹೆಂಡತಿಯ ತಲೆಯ ಮೇಲೆ ಕೈಯಿಟ್ಟು ‘ಎಷ್ಟು ಬರುತ್ತೋ ಅಷ್ಟು’ ಎಂದು ಹೊರಗಿನಿಂದ ಬಾಗಿಲು ಮುಚ್ಚಿದ.

ದನಿ ಐದು ಪದ ಹೇಳಿತು: ಕೊಡೆ, ನದಿ, ಮೇಕೆ, ಗಡಿಯಾರ, ಉಪ್ಪು. ಅವಳು ಪ್ರತಿಯೊಂದಕ್ಕೂ ಮರುಕೂಗು ಕೊಟ್ಟಳು. ಮೊದಲು ಎಷ್ಟು ಸರಿಯಾಗಿ ಹೇಳುತ್ತಿದ್ದಳೋ ಈಗಲೂ ಅಷ್ಟೇ ಸರಿಯಾಗಿ ಹೇಳಿದಳು.

ಅಂಕಿ ಅಕ್ಷರಗಳು ಬಂದವು. ಒಂದು, ಅ, ಎರಡು. ಬೆರಳು ಎರಡರ ಮೇಲೆ ನಿಂತಿತು. ಹಿಂದಿನಿಂದ ಯಾರೂ ಕೂಗಲಿಲ್ಲ. ಫ್ಯಾನು ಸದ್ದಿಲ್ಲದೆ ತಿರುಗುತ್ತಿತ್ತು. ಮುಂದೆ ಅಕ್ಷರವೋ ಅಂಕಿಯೋ ಎಂಬುದು ಅವಳಿಗೆ ಗೊತ್ತಿದ್ದ ವಿಷಯವೇ. ಆದರೆ ಗೊತ್ತಿರುವುದು ಮತ್ತು ಬೆರಳು ಎರಡೂ ಬೇರೆಬೇರೆ ಊರಿನಲ್ಲಿದ್ದವು. ಅವಳು ಮೂರಕ್ಕೆ ಗೆರೆ ಎಳೆದಳು. ತಪ್ಪೆಂದು ಪರದೆ ಮಿನುಗಿತು. ನೀಲಿ ಚುಕ್ಕೆ ಬಂದಾಗ ‘ನೀಲಿ, ಒತ್ತಬಾರದು’ ಎಂದು ಬಾಯಿಬಿಟ್ಟು ಹೇಳಿ, ಹೇಳುತ್ತಲೇ ಒತ್ತಿದಳು. ಒತ್ತಿದ ಬೆರಳನ್ನು ಎತ್ತಿ ನೋಡಿದಳು. ಟೇಬಲ್ಲಿನ ಮೇಲೆ ನಿಲ್ಲದೆ ಹೋದದ್ದು ಇದೇ.

ಕೊನೆಗೆ ಐದು ಪದ ಯಾವುವೆಂದು ದನಿ ಕೇಳಿತು. ಬಟ್ಟೆಯಿಂದ ತುಂಡು ತೆಗೆದ ಮೇಲೆ ಉಳಿದ ಬಟ್ಟೆಯಲ್ಲಿ ತೋಳಿನಾಕಾರದ ತೂತು ಇರುತ್ತದೆ, ತೋಳಿರುವುದಿಲ್ಲ. ಹಾಗೆಯೇ ಒಂದು ಪದ ಇಲ್ಲಿತ್ತೆಂದು ಅವಳಿಗೆ ಕಾಣುತ್ತಿತ್ತು. ಅದರ ಅಂಚು ಕೂಡ ಕಾಣುತ್ತಿತ್ತು.

‘ಮೇಕೆ’ ಎಂದಳು.

ಬಹಳ ಹೊತ್ತಿನ ಮೇಲೆ ‘ಉಪ್ಪು’ ಎಂದಳು.

ದನಿ ಧನ್ಯವಾದ ಹೇಳಿ ನಿಂತಿತು. ಅವಳು ಬಾಗಿಲು ತೆರೆದಳು. ಹೊರಗೆ ನೆಲದ ಮೇಲೆ ಗೋಡೆಗೊರಗಿ ಕೂತಿದ್ದ ನಾದಿನಿ ಧಡಕ್ಕನೆ ಎದ್ದಳು.

‘ಆಯ್ತಾ? ಯಾವ್ಯಾವ ಪದ ಬಂತು?’

‘ಮೇಕೆ. ಉಪ್ಪು.’

‘ಆಮೇಲೆ?’

‘ಆಮೇಲೆ ಇದ್ದವು. ಗೊತ್ತಿಲ್ಲ.’

ನಾದಿನಿಯ ಬಾಯಿ ಅಭ್ಯಾಸಬಲದಿಂದ ತೆರೆಯಿತು. ಅತ್ತಿಗೆ ನಿಂತಲ್ಲಿ ಮುಂದಿನದನ್ನು ಕೂಗಿ ಕೂಗಿ ಪಳಗಿದ ಬಾಯಿ ಅದು. ಆದರೆ ಮುಚ್ಚಿದ ಬಾಗಿಲಿನ ಈಚೆ ಅವಳಿಗೆ ಒಂದು ಪದವೂ ಕೇಳಿಸಿರಲಿಲ್ಲ. ಬಾಯಿ ತೆರೆದೇ ಇತ್ತು, ಕೂಗಲು ಏನೂ ಇರಲಿಲ್ಲ. ಅವಳು ಅದನ್ನು ಮುಚ್ಚಿಕೊಂಡಳು.

‘ನಂಗೂ ಗೊತ್ತಿಲ್ವಲ್ಲ ಅತ್ತಿಗೆ’ ಎಂದು ಅಲ್ಲೇ ಕುಸಿದು ಕೂತು ಅತ್ತಳು. ಅತ್ತಿಗೆ ಆಸ್ಪತ್ರೆಯಲ್ಲಿದ್ದಾಗಲೂ ಅವಳು ಹಾಗೆ ಅತ್ತಿರಲಿಲ್ಲ. ಗೆರೆಯಕ್ಕ ನೋಡುತ್ತ ನಿಂತಳು. ಅಳುವವರಿಗೆ ನೀರು ಕೊಡುತ್ತಾರೆಂಬುದು ನೆನಪಾಗಿ, ತಂದುಕೊಟ್ಟಳು.

ಫಲಿತಾಂಶ ಬಂದಾಗ ಯಾರೂ ಬೆರಗಾಗಲಿಲ್ಲ. ನರ್ಸು ತಾನೇ ಅವಳ ಅಭ್ಯಾಸ ನಡೆಸುವೆನೆಂದಳು. ವಾರಕ್ಕೊಮ್ಮೆ ಪರದೆಯ ಮೇಲೆ ಮುಖಾಮುಖಿ, ಉಳಿದ ದಿನ ಮನೆಪಾಠ. ಎಷ್ಟರಮಟ್ಟಿಗೆ ಹಿಂತಿರುಗಿ ಬರುತ್ತದೆ ಎಂದು ಕೇಳಿದ್ದಕ್ಕೆ ‘ಕೆಲವರಿಗೆ ತುಂಬಾ ಬರುತ್ತೆ, ಕೆಲವರಿಗೆ ಸ್ವಲ್ಪ’ ಎಂದು ನೇರವಾಗಿ ಹೇಳಿದಳು. ನೇರವಾದ ಮಾತು ಗೆರೆಯಕ್ಕನಿಗೆ ಹಿಡಿಸಿತು. ಹಿಡಿಸಿತೆಂದು ಅವಳು ತಿಳಿದುಕೊಂಡಳು.

ಸೂಪರ್‌ವೈಸರ್‌ಗೆ ಅವಳೇ ಹೋಗಿ ಹೇಳಿದಳು. ‘ಕ್ಲಿಪ್ಪು ಸಡಿಲ ಇರಲಿಲ್ಲ’ ಎಂದು ಶುರುಮಾಡಿದಳು. ಅವನು ಕೇಳಿ ಮುಗಿಸಿ, ಕತ್ತರಿಸಿದ ತುಂಡುಗಳನ್ನು ಕಂತೆ ಕಟ್ಟುವ ಕಡೆ ಹಾಕಲೇ ಎಂದ. ಅಲ್ಲಿ ಅಳತೆ ನೆನಪಿಡಬೇಕು, ಬೇಡ, ದಾರದ ಬೆಂಚು ಸಾಕು ಎಂದಳು. ಉಕ್ಕಿನ ಕೈಗವಸನ್ನು ಅವನ ಮೇಜಿನ ಮೇಲಿಟ್ಟಾಗ ಅದು ಸರಪಳಿ ಸುರಿದಂತೆ ಸದ್ದು ಮಾಡಿತು. ಹುಡುಗಿಯರ ನಡುವೆ ಜಾಗ ಮಾಡಿಸಿಕೊಂಡು ಕೂತಳು.

ದೊಡ್ಡ ಟೇಬಲ್ಲಿಗೆ ಹೊಸ ಕಟರ್ ಬಂದ, ಮಾತಾಡಿದರೆ ಮುತ್ತು ಉದುರೀತೆಂದು ಹೆದರಿದವನಂಥ ಸಂಕೋಚದ ಮನುಷ್ಯ. ಗಂಟೆ ಅವನಿಗೆ ಕೂಗಲು ಶುರುಮಾಡಿದಳು. ‘ಮರುಕೂಗು ಕೊಡಪ್ಪಾ! ಬಾಯಲ್ಲೇನು ಗುಂಡಿ ಇಟ್ಕೊಂಡಿದೀಯಾ?’ ಎಂಬ ಗದರಿಕೆ ಹಜಾರದ ತುದಿಯವರೆಗೂ ಕೇಳುತ್ತಿತ್ತು. ಆದರೆ ಒಂದು ವಿಷಯದಲ್ಲಿ ಅವಳು ಬದಲಾಗಿದ್ದಳು. ತಾನು ‘ನಿಲ್ಲಿ’ ಎಂದು, ಅವನಿಂದ ‘ನಿಲ್ಲಿ’ ಎಂದು ಕೇಳಿಸಿಕೊಂಡ ಮೇಲೂ ಕೈಚಾಚುತ್ತಿರಲಿಲ್ಲ. ಬಗ್ಗಿ ಬ್ಲೇಡನ್ನು ಕಣ್ಣಿನಿಂದ ನೋಡಿ, ಅದು ನಿಂತಿದೆಯೆಂದು ಖಾತ್ರಿಯಾದ ಮೇಲೆ ಚಾಚುತ್ತಿದ್ದಳು. ಯಾಕೆಂದು ಕೇಳಿದವರಿಗೆ ಕಾರಣ ಹೇಳಲಿಲ್ಲ. ಕೆಲವು ಕಾಲದಲ್ಲಿ ಉಳಿದ ಟೇಬಲ್ಲುಗಳವರೂ ಹಾಗೆಯೇ ಮಾಡತೊಡಗಿದರು.

ಬೆಂಚಿನಲ್ಲಿ ಕೂತ ಗೆರೆಯಕ್ಕನಿಗೆ ಆ ಕೂಗು ಕೇಳಿಸುತ್ತಿತ್ತು. ಮೊದಮೊದಲು ‘ತಿರುವು’ ಎಂದು ಅತ್ತ ಕೂಗಿದರೆ ಅವಳ ತುಟಿ ಇತ್ತ ಅಲುಗುತ್ತಿತ್ತು. ಆಮೇಲೆ ನಿಂತುಹೋಯಿತು. ಅದು ಒಳ್ಳೆಯದೋ ಕೆಟ್ಟದ್ದೋ ಅವಳು ವಿಚಾರಿಸಲಿಲ್ಲ. ಕೈಯಲ್ಲಿದ್ದ ಅಂಗಿಯ ತೋಳಿನಲ್ಲಿ ಒಂದು ದಾರದ ತುದಿಯಿತ್ತು. ಅದನ್ನು ಹುಡುಕಿ ಕತ್ತರಿಸಿದಳು. ಮುಂದಿನದನ್ನು ತೆಗೆದುಕೊಂಡಳು.

ಊಟದ ಬಿಡುವಿನಲ್ಲಿ ನಾದಿನಿ ಬುತ್ತಿ ಹಿಡಿದು ಬೆಂಚಿನ ಬಳಿಗೇ ಬರುತ್ತಾಳೆ. ಮನೆಪಾಠ ಹೇಗಾಯಿತೆಂದು ಕೇಳದೆ ಅವಳಿಗೆ ತುತ್ತಿಳಿಯುವುದಿಲ್ಲ.

‘ಇವತ್ತು ಬೆಳಗ್ಗೆ ಎಷ್ಟು ಪದ ಬಂತು ಅತ್ತಿಗೆ?’

‘ಮೂರು.’

‘ಮೂರಾ! ಯಾವ್ಯಾವ್ದು?’

ಗೆರೆಯಕ್ಕ ತುತ್ತು ನುಂಗಿದಳು. ಪದಗಳು ಒಳಗಿದ್ದವು, ಮೂರೂ, ಯಾರ ಕೂಗೂ ಇಲ್ಲದೆ.

‘ನಿಂಗೆ ಹೇಳಲ್ಲ’ ಎಂದಳು.

ನಾದಿನಿ ಅವಳ ಮುಖವನ್ನೇ ದಿಟ್ಟಿಸಿದಳು. ತಮಾಷೆಯೋ ಅಲ್ಲವೋ ಎಂದು ಆ ಮುಖದಲ್ಲಿ ಬರೆದಿರಲಿಲ್ಲ. ಗೆರೆಯಕ್ಕನಿಗೂ ಅದು ಗೊತ್ತಿರಲಿಲ್ಲ. ಅವಳು ಬುತ್ತಿಯ ಮುಚ್ಚಳ ಹಾಕಿ, ಪುಟ್ಟ ಕತ್ತರಿಯನ್ನು ಕೈಗೆತ್ತಿಕೊಂಡಳು.